ತೆರೆಯ ಮೇಲೆ ಓಡುವವರು ಯಾರು?

ಎರಡೂವರೆ ಗಂಟೆಯ ಒಂದು ಸಿನಿಮಾದಲ್ಲಿ ಚಲಿಸುವ ಚಿತ್ರ ಒಂದೂ ಇರುವುದಿಲ್ಲ. ಇರುವುದೆಲ್ಲ ಸ್ಥಿರಚಿತ್ರಗಳೇ. ಸೆಕೆಂಡಿಗೆ 24ರಂತೆ ಲೆಕ್ಕ ಹಾಕಿದರೆ 2,16,000. ನಾಯಕನ ಕುದುರೆ ನಾಗಾಲೋಟದಲ್ಲಿ ಓಡುವುದನ್ನು ನೀವು ಕಂಡಿರಿ, ನಿಜ. ಆದರೆ ತೆರೆಯ ಮೇಲೆ ಏನೂ ಓಡಲಿಲ್ಲ. ಹಾಗಾದರೆ ಆ ಓಟ ನಡೆದದ್ದೆಲ್ಲಿ?

ರೀಲಿನ ಕಾಲದ ಪ್ರೊಜೆಕ್ಟರನ್ನು ಗಮನಿಸೋಣ. ಒಂದು ಚಿತ್ರ ದೀಪದ ಮುಂದೆ ಬಂದು ಕ್ಷಣಕಾಲ ನಿಲ್ಲುತ್ತದೆ. ಮುಂದಿನದು ಆ ಜಾಗಕ್ಕೆ ಸರಿಯುವಷ್ಟು ಹೊತ್ತು ತಿರುಗುವ ತಟ್ಟೆಯೊಂದು ಬೆಳಕನ್ನು ಮರೆಮಾಡುತ್ತದೆ. ಸೆಕೆಂಡಿಗೆ 24 ಸಲ ಮಾತ್ರ ಬೆಳಕು ಬಿದ್ದರೆ ತೆರೆ ಮಿಣಮಿಣ ಎನ್ನುತ್ತದೆ. ಆದ್ದರಿಂದ ಒಂದೊಂದು ಚಿತ್ರವನ್ನೂ ಎರಡು ಅಥವಾ ಮೂರು ಸಲ ಬೆಳಗಿಸುವಂತೆ ತಟ್ಟೆಯನ್ನು ರೂಪಿಸಿದರು. ನಡುನಡುವೆ ಮಾತ್ರ ಪೂರ್ತಿ ಕತ್ತಲೆ. ಟಿಕೆಟ್ಟಿನ ಹಣದಲ್ಲಿ ಒಂದು ದೊಡ್ಡ ಪಾಲು ಕತ್ತಲೆಗೇ ಸಂದಿತೆನ್ನಬೇಕು! ಈಗಿನ ಡಿಜಿಟಲ್ ಯಂತ್ರಗಳಲ್ಲಿ ರೀಲಿಲ್ಲ, ತಟ್ಟೆಯೂ ಇಲ್ಲ. ಆದರೂ ಹೆಚ್ಚಿನ ಸಿನಿಮಾಗಳಲ್ಲಿ ಸೆಕೆಂಡಿಗೆ 24 ಚಿತ್ರ ಎಂಬ ಲೆಕ್ಕ ಬದಲಾಗಿಲ್ಲ.

ಇದಕ್ಕೆಲ್ಲ ಕಾರಣ 'ದೃಷ್ಟಿ ಸಾತತ್ಯ' ಎಂದು ಪಠ್ಯಪುಸ್ತಕಗಳಲ್ಲಿ ಓದಿರುತ್ತೀರಿ: ಅಕ್ಷಿಪಟಲದ ಮೇಲೆ ಬಿದ್ದ ಬಿಂಬ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತದೆ ಎಂಬ ವಿವರಣೆ. ಇದು ಅರ್ಧ ಉತ್ತರ ಮಾತ್ರ. ನಡುವಿನ ಕತ್ತಲೆ ಕಾಣದಿರುವುದೇಕೆ ಎಂಬುದನ್ನು ಅದು ಹೇಳೀತು, ಚಲನೆಯನ್ನಲ್ಲ. ಯೋಚಿಸಿ ನೋಡಿ. ಬಿಂಬಗಳು ಸುಮ್ಮನೆ ಉಳಿಯುತ್ತ ಹೋದರೆ ಉರುಳುವ ಚೆಂಡು ಒಂದರ ಮೇಲೊಂದು ಬಿದ್ದ ಚೆಂಡುಗಳ ಸಾಲಾಗಿ ಕಾಣಬೇಕಿತ್ತು. ನಮಗೆ ಕಾಣುವುದು ಒಂದೇ ಚೆಂಡು, ಅದೂ ಉರುಳುತ್ತ!

ಜಾತ್ರೆಯಲ್ಲಿ, ದಸರೆಯಲ್ಲಿ ಸೀರಿಯಲ್ ದೀಪಗಳು 'ಓಡುವುದನ್ನು' ನೋಡಿದ್ದೀರಲ್ಲವೆ? ಯಾವ ಬಲ್ಬೂ ಜಾಗ ಬಿಟ್ಟು ಕದಲುವುದಿಲ್ಲ. ಒಂದು ಆರುತ್ತದೆ, ಪಕ್ಕದ್ದು ಹೊತ್ತುತ್ತದೆ, ಅಷ್ಟೆ. ಜರ್ಮನಿಯಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿ ಇದನ್ನೇ ಅಳೆದು 1912ರಲ್ಲಿ ಪ್ರಕಟಿಸಿದ. ಅಕ್ಕಪಕ್ಕದ ಎರಡು ಗೆರೆಗಳನ್ನು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಅಂತರದಲ್ಲಿ ತೋರಿಸಿದರೆ ಒಂದಾದ ಮೇಲೊಂದು ಕಾಣುತ್ತವೆ. ಅಂತರವನ್ನು ಸುಮಾರು 0.03 ಸೆಕೆಂಡಿಗೆ ಇಳಿಸಿದರೆ ಎರಡೂ ಒಟ್ಟಿಗೇ ಕಾಣುತ್ತವೆ. ಸುಮಾರು 0.06 ಸೆಕೆಂಡಾದರೆ ಎರಡು ಗೆರೆಗಳಿರುವುದೇ ಇಲ್ಲ. ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿಯುತ್ತದೆ. ಆ ಸರಿಯುವಿಕೆಯನ್ನು ಸೃಷ್ಟಿಸುವುದು ಮೆದುಳು.

ಮೆದುಳಿನ ಹಿಂಭಾಗದಲ್ಲಿ, ಎಡಬಲ ಎರಡೂ ಬದಿಗೆ, ಚಲನೆಯನ್ನು ಗುರುತಿಸುವುದೇ ಮುಖ್ಯ ಕೆಲಸವಾಗಿರುವ ಪುಟ್ಟ ಭಾಗವೊಂದಿದೆ. ಅದು ಹಾಳಾದರೆ? 1983ರಲ್ಲಿ ಜರ್ಮನಿಯ ಸಂಶೋಧಕರು ಇಂಥ ಒಬ್ಬ ಮಹಿಳೆಯ ವಿಷಯ ವರದಿ ಮಾಡಿದರು. ಆಕೆಗೆ ಬಣ್ಣ, ಆಕಾರ ಎಲ್ಲವೂ ಕಾಣುತ್ತಿದ್ದವು. ಚಲನೆ ಮಾತ್ರ ಇಲ್ಲ. ಕಪ್ಪಿಗೆ ಸುರಿಯುವ ಚಹಾ ಹೆಪ್ಪುಗಟ್ಟಿದ ಹಾಗೆ ತೋರುತ್ತಿತ್ತು. ಅದು ತುಂಬಿ ಬರುವುದು ತಿಳಿಯದೆ ಎಲ್ಲಿ ನಿಲ್ಲಿಸಬೇಕೆಂದೇ ಗೊತ್ತಾಗುತ್ತಿರಲಿಲ್ಲ. ರಸ್ತೆ ದಾಟುವುದಂತೂ ಭಯಂಕರ. ದೂರದಲ್ಲಿದ್ದ ಕಾರು ಮರುಗಳಿಗೆಯಲ್ಲಿ ಎದುರಿಗೇ ನಿಂತಿರುತ್ತಿತ್ತು. ನಮಗೆ ಸಿನಿಮಾ ತೋರಿಸುವ ಶಕ್ತಿಯೇ ನಮ್ಮನ್ನು ರಸ್ತೆ ದಾಟಿಸುವುದೂ ಹೌದು.

ಟ್ರಿಕ್ ದೃಶ್ಯಗಳ ತಂತ್ರಜ್ಞರಿಗೆ ಈ ಮೆದುಳೇ ಪರೀಕ್ಷಕ. 1933ರ 'ಕಿಂಗ್ ಕಾಂಗ್' ಚಿತ್ರದ ದೈತ್ಯ ಗೊರಿಲ್ಲಾ ಒಂದು ಗೊಂಬೆ. ಅದನ್ನು ಒಂದಿಷ್ಟು ಅಲುಗಿಸಿ ಒಂದು ಚಿತ್ರ, ಮತ್ತೆ ಅಲುಗಿಸಿ ಇನ್ನೊಂದು, ಹೀಗೆ ತೆಗೆದರು. ಸಾಹಸವೇ ಸರಿ! ಆದರೂ ಅದರ ನಡಿಗೆ ತುಸು ಕುಪ್ಪಳಿಸಿದಂತೆ ಕಾಣುತ್ತದೆ. ಏಕೆಂದರೆ ಗೊಂಬೆ ಪ್ರತಿ ಚಿತ್ರದಲ್ಲೂ ನಿಶ್ಚಲವಾಗಿ ನಿಂತಿತ್ತು, ಬಿಂಬ ಬಹಳ ಸ್ಪಷ್ಟ. ನಿಜವಾಗಿ ಬೀಸುವ ಕೈ ಚಿತ್ರದಲ್ಲಿ ಸ್ವಲ್ಪ ಮಸುಕಾಗಿ ಮೂಡುತ್ತದೆ. ಮೆದುಳಿಗೆ ಆ ಮಸುಕೂ ಚಲನೆಯ ಗುರುತೇ. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಕಂಪ್ಯೂಟರ್ ಡೈನೋಸಾರ್‌ಗಳಿಗೆ ಅದನ್ನು ಲೆಕ್ಕ ಹಾಕಿ ಬಳಿದರು. ಅವು ಓಡುವ ದೃಶ್ಯವನ್ನು ಒಮ್ಮೆ ನಡುವೆ ನಿಲ್ಲಿಸಿ ಕಾಲುಗಳನ್ನು ನೋಡಿ.