ಬಾಡಿಗೆಗೆ ಯಾರು ಬರ್ತಾರೋ ಗೊತ್ತಿಲ್ಲ, ಟಾಯ್ಲೆಟ್ ಎಷ್ಟು ಕಟ್ಟೋದು?

ಸುಲ್ತಾನ್‌ಪೇಟೆಯಲ್ಲಿ ನಿಮ್ಮ ಅತ್ತೆ ಮನೆಯವರದ್ದೊಂದು ಹಳೇ ಮನೆ ಇದೆ ಅಂದ್ಕೊಳ್ಳಿ. ‘ಒಡೆದು ಹೊಸದಾಗಿ ಕಟ್ಟೋಣ. ಕೆಳಗೆ ಅಂಗಡಿ, ಮೇಲೆ ಎರಡು ಮಹಡಿ ಬಾಡಿಗೆಗೆ, ಅದರ ಮೇಲೆ ನಾವು’ ಅಂತ ಮನೆಯಲ್ಲಿ ಮಾತು ನಡೆದಿದೆ. ಷಟರ್ ಎಷ್ಟು ಅಗಲ, ಮೆಟ್ಟಿಲು ಯಾವ ಕಡೆ, ಮುಂದೆ ಗ್ರಾನೈಟೋ ಟೈಲ್ಸೋ ಎಲ್ಲವೂ ಚರ್ಚೆಯಾಗುತ್ತೆ. ಟಾಯ್ಲೆಟ್ ವಿಷಯ ಬಂದಾಗ ಮಾತ್ರ, ‘ಯಾರು ಬರ್ತಾರೋ ಗೊತ್ತಿಲ್ಲ, ಮೆಟ್ಟಿಲ ಕೆಳಗೆ ಒಂದು ಮಾಡಿದರಾಯ್ತು ಬಿಡಿ’ ಅನ್ನುವಲ್ಲಿಗೆ ಮಾತು ಮುಗಿಯುತ್ತೆ.

ಅಲ್ಲೇ ನೀವು ಬಾಯಿ ಹಾಕಬೇಕು. ಯಾಕೆ ಅಂತೀರಾ? ನಾಳೆ ಆ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲೋ ಹುಡುಗಿಯರು ಹೋಗೋದೆಲ್ಲಿಗೆ? ಟಾಯ್ಲೆಟ್ ಇಲ್ಲದ ಕಡೆ ಕೆಲಸ ಮಾಡುವ ಹೆಂಗಸರು ನೀರು ಕುಡಿಯೋದನ್ನೇ ಕಡಿಮೆ ಮಾಡ್ತಾರೆ. ಮೂತ್ರದ ಸೋಂಕು ಅಂಟಿಕೊಳ್ಳೋದು ಹೀಗೇ. ಕೋಯಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯಲ್ಲಿ ಇದೇ ಕಷ್ಟಕ್ಕೆ ಮಾರಾಟದ ಹೆಂಗಸರು ಸಂಘ ಕಟ್ಟಿ ಹೋರಾಡಿದರು. ಟಾಯ್ಲೆಟ್‌ನಿಂದ ಶುರುವಾದ ಆ ದನಿ ಕೂರುವ ಹಕ್ಕಿನವರೆಗೂ ಹೋಗಿ, 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಯನ್ನೇ ತಿದ್ದಿತು. ಕಟ್ಟಡ ಕಟ್ಟುವಾಗಲೇ ಮಾಲೀಕರು ಯೋಚಿಸಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು, ಅಲ್ವೇ?

ಮೊದಲು ಒಂದು ಪಟ್ಟಿ ಮಾಡಿ

ಬಾಡಿಗೆದಾರ ಯಾರೆಂದು ಗೊತ್ತಿಲ್ಲ ನಿಜ. ಆದರೆ ಎಂಥವರು ಬರಬಹುದು ಅನ್ನೋದು ಬೀದಿ ನೋಡಿದರೇ ಗೊತ್ತಾಗುತ್ತೆ. ಸುಲ್ತಾನ್‌ಪೇಟೆ ಅಂದರೆ ಲಗ್ನಪತ್ರಿಕೆ, ಕಾಗದ, ಪ್ರಿಂಟಿಂಗ್. 2017ರಲ್ಲಿ ಚಿಕ್ಕಪೇಟೆ ಮೆಟ್ರೊ ನಿಲ್ದಾಣವೂ ಹತ್ತಿರದಲ್ಲೇ ಬಂತು. ಬರುವವರನ್ನು ಮೂರು ಗುಂಪು ಮಾಡ್ಕೊಳ್ಳಿ.

* ಜನ ಕಡಿಮೆ: ಕಾಗದದ ಗೋಡೌನ್, ಸಗಟು ವ್ಯಾಪಾರ.
* ಜನ ಹೆಚ್ಚು: ಲಗ್ನಪತ್ರಿಕೆ ಷೋರೂಂ, ಆಡಿಟರ್ ಆಫೀಸು, ಡಿಸೈನ್ ಮಾಡುವವರು, ಟ್ಯೂಷನ್.
* ನೀರು ಹೆಚ್ಚು: ಹೋಟೆಲ್, ಬ್ಯೂಟಿ ಪಾರ್ಲರ್, ಕ್ಲಿನಿಕ್.

ಮೊದಲ ಗುಂಪಿಗೆ ಕಟ್ಟಿದರೆ ಮೂರನೆಯವರು ಬರಲಾರರು. ಮೂರನೆಯವರಿಗೇ ಅಂತ ಕಟ್ಟಿದರೆ ಬಾಡಿಗೆ ಬರುವ ಜಾಗ ವ್ಯರ್ಥ. ಹಾಗಾಗಿ ಕಟ್ಟೋದು ಎರಡನೇ ಗುಂಪಿಗೆ, ಪೈಪಿನ ದಾರಿ ಬಿಡೋದು ಮೂರನೇ ಗುಂಪಿಗೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಲೆಕ್ಕ ಹೀಗೆ ಹಾಕಿ

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಇದಕ್ಕೆ ಸೂತ್ರವಿದೆ. ಆಫೀಸಿನಲ್ಲಿ 10 ಚದರ ಮೀಟರಿಗೆ ಒಬ್ಬರು ಅಂತ ಅಂದಾಜು. 25 ಗಂಡಸರಿಗೆ ಒಂದು ಕಮೋಡ್, 15 ಹೆಂಗಸರಿಗೆ ಒಂದು. 7ರಿಂದ 20 ಗಂಡಸರಿದ್ದರೆ ಒಂದು ಯೂರಿನಲ್ ಕೂಡ.

ನಿಮ್ಮದು ಮಹಡಿಗೆ 100 ಚದರ ಮೀಟರ್, ಅಂದರೆ ಸುಮಾರು 1,076 ಚದರಡಿ ಇದೆ ಅನ್ನಿ. ಸಂಹಿತೆಯ ಪ್ರಕಾರ ಮಹಡಿಗೆ 10 ಜನ. ಆದರೆ ನಮ್ಮ ಪೇಟೆಯಲ್ಲಿ ಮೇಜು ಒತ್ತೊತ್ತಾಗಿ ಹಾಕ್ತಾರೆ, 20 ಅಂತಲೇ ಹಿಡೀರಿ. ಗಂಡಸರು 10, ಹೆಂಗಸರು 10 ಆದರೆ ಮಹಡಿಗೆ ಹೆಂಗಸರಿಗೊಂದು, ಗಂಡಸರಿಗೊಂದು ಟಾಯ್ಲೆಟ್ ಸಾಕು.

ಇಪ್ಪತ್ತೂ ಜನ ಹೆಂಗಸರೇ ಆದರೆ? ಆಗ ಎರಡು ಬೇಕು. ಅದಕ್ಕೊಂದು ಉಪಾಯವಿದೆ. ಎರಡೂ ಟಾಯ್ಲೆಟ್ ಒಂದೇ ಅಳತೆಗೆ ಮಾಡಿಸಿ, ಚಾವಣಿವರೆಗೂ ಗೋಡೆ ಕಟ್ಟಿಸಿ, ಪ್ರತ್ಯೇಕ ಬಾಗಿಲು ಇಡಿಸಿ. ಯೂರಿನಲ್ ಅದರೊಳಗೆ ಬೇಡ, ಪಕ್ಕದಲ್ಲಿ ಬೇರೆ ಮರೆ ಮಾಡಿಸಿ. ನಾಳೆ ಬಾಡಿಗೆದಾರರು ಬದಲಾದರೆ ಬಾಗಿಲ ಮೇಲಿನ ಬೋರ್ಡ್ ಬದಲಾಯಿಸಿದರೆ ಆಯ್ತು!

ಇನ್ನು ಕೆಳಗೆ ಹೋಟೆಲ್ ಬಂದರೆ ಲೆಕ್ಕ ಬೇರೆ. 50 ಸೀಟಿಗೆ ಗ್ರಾಹಕರಿಗೇ ಅಂತ ಗಂಡಸರಿಗೆ ಒಂದು, ಹೆಂಗಸರಿಗೆ ಎರಡು ಬೇಕು. ಸಿಬ್ಬಂದಿಯದು ಬೇರೆ. ಇದನ್ನು ಈಗಲೇ ಕಟ್ಟಬೇಡಿ, ಜೋಡಿಸಲು ದಾರಿ ಮಾತ್ರ ಬಿಡಿ.

ನೀರಿನ ಲೆಕ್ಕವೂ ನೋಡಿ. ಆಫೀಸಿಗೆ ತಲೆಗೆ ದಿನಕ್ಕೆ 45 ಲೀಟರ್, ಹೋಟೆಲ್‌ಗೆ ಸೀಟಿಗೆ 70 ಲೀಟರ್. ಎರಡು ಮಹಡಿಯ 40 ಜನರಿಗೆ 1,800 ಲೀಟರ್ ಆದರೆ, 50 ಸೀಟಿನ ಹೋಟೆಲ್ ಒಂದಕ್ಕೇ 3,500 ಲೀಟರ್. ಸಂಪ್ ಆಮೇಲೆ ದೊಡ್ಡದು ಮಾಡೋಕಾಗಲ್ಲ. ಅದನ್ನು ಈಗಲೇ ದೊಡ್ಡದಾಗಿ ತೋಡಿಸಿ.

ಈಗಲೇ ಆಗಬೇಕಾದದ್ದು

ಗೋಡೆ, ಟೈಲ್ಸ್, ಕಮೋಡ್ ಯಾವಾಗ ಬೇಕಾದರೂ ಹಾಕಿಸಬಹುದು. ಪೈಪಿನ ಇಳಿಜಾರು ಹಾಗಲ್ಲ. ಕಮೋಡಿನ ನಾಲ್ಕಿಂಚಿನ ಪೈಪಿಗೆ ಹತ್ತು ಅಡಿಗೆ ಮೂರು ಇಂಚಿನಷ್ಟು ಇಳಿಜಾರು ಕೊಡೋದು ವಾಡಿಕೆ. ಟಾಯ್ಲೆಟ್ ಡಕ್ಟ್‌ನಿಂದ ಮೂವತ್ತು ಅಡಿ ದೂರ ಹೋದರೆ ಒಂಬತ್ತು ಇಂಚು ಇಳೀಬೇಕು! ಕಟ್ಟಿದ ಮೇಲೆ ಅಷ್ಟು ಇಳಿಜಾರು ಎಲ್ಲಿಂದ ತರ್ತೀರಿ?

* ನಮ್ಮ ಪೇಟೆ ನಿವೇಶನಗಳು ಮುಂದೆ ಕಿರಿದು, ಹಿಂದಕ್ಕೆ ಉದ್ದ. ಡಕ್ಟ್ ಒಂದು ಮೂಲೆಗೆ ತಳ್ಳದೆ ಪಕ್ಕದ ಗೋಡೆಯ ನಡುಭಾಗದಲ್ಲಿ ಬಂದರೆ ಎರಡೂ ಕಡೆಯಿಂದ ಪೈಪ್ ಸೇರಿಸಬಹುದು.
* ಎಲ್ಲಾ ಮಹಡಿಯ ಟಾಯ್ಲೆಟ್ ಒಂದರ ಮೇಲೊಂದು ಬರಲಿ.
* ಪ್ರತಿ ಮಹಡಿಯಲ್ಲೂ ಒಂದು ನಾಲ್ಕಿಂಚಿನ ಪೈಪ್, ಒಂದು ಮೂರಿಂಚಿನ ಪೈಪ್ ಹೆಚ್ಚುವರಿಯಾಗಿ ಬಿಟ್ಟು ಮುಚ್ಚಳ ಹಾಕಿಸಿ. ನೀರಿನ ಪೈಪೂ ಹಾಗೇ.
* ಟಾಯ್ಲೆಟ್ ಬರುವ ಕಡೆ ಸ್ಲ್ಯಾಬ್ ತಗ್ಗಿಸಿ ಹಾಕಿಸಿ. ಮುಂದೆ ಜೋಡಿಸಬೇಕಾಗಬಹುದಾದ ಪಕ್ಕದ ಜಾಗಕ್ಕೂ ಇದು ಅನ್ವಯ.
* ಗಾಳಿ ಪೈಪ್ ತಾರಸಿ ದಾಟಿ ಮೇಲಕ್ಕೆ ಹೋಗಲಿ. ಇಲ್ಲದಿದ್ದರೆ ವಾಸನೆ ಅನುಭವಿಸೋದು ಮೇಲಿರುವ ನೀವೇ.
* ಹಿಂದುಗಡೆ ಹೋಟೆಲಿನ ಜಿಡ್ಡು ಹಿಡಿಯುವ ಚೇಂಬರಿಗೆ ಜಾಗ ಬಿಡಿ.
* ಕೆಳಮಹಡಿಯಲ್ಲಿ ಒಂದು ಟಾಯ್ಲೆಟ್ ಗಾಲಿಕುರ್ಚಿ ಹೋಗುವಂತಿರಲಿ. ಬಾಗಿಲು ಮೂರಡಿ, ಒಳಗೆ ತಿರುಗಲು ಐದಡಿ ಜಾಗ. ಮಂಡಿ ನೋವಿನ ಅಜ್ಜಿಯಂದಿರಿಗೂ ಅನುಕೂಲ. ಮೆಟ್ಟಿಲ ಕೆಳಗೆ ಇದು ಆಗಲ್ಲ.

ಕಾಗದ ಇಟ್ಟವರ ತಲೆ ಮೇಲೆ ನೀರು ಬೇಡ

ಇದು ಸುಲ್ತಾನ್‌ಪೇಟೆಗೇ ವಿಶೇಷವಾದ ಎಚ್ಚರಿಕೆ. ಬೇರೆ ಕಡೆ ಚಾವಣಿ ಸೋರಿದರೆ ಬಣ್ಣ ಕೆಡುತ್ತೆ. ಇಲ್ಲಿ ಕೆಳಗೆ ಕಾಗದದ ರೀಮುಗಳು, ಅಚ್ಚಾದ ಲಗ್ನಪತ್ರಿಕೆಗಳು! ಮುಹೂರ್ತಕ್ಕೆ ಮುಂಚೆ ಪತ್ರಿಕೆ ನೆನೆದರೆ ಬಾಡಿಗೆದಾರರು ಸುಮ್ಮನಿರ್ತಾರಾ? ಟಾಯ್ಲೆಟ್ ಕೆಳಗಿನ ಜಾಗದಲ್ಲಿ ಮೆಟ್ಟಿಲೋ ಪ್ಯಾಸೇಜೋ ಬರಲಿ, ಸರಕು ಇಡುವ ಕೋಣೆ ಬೇಡ. ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕೋ ಮುಂಚೆ ತಗ್ಗಿನಲ್ಲಿ ನೀರು ತುಂಬಿಸಿ ಎರಡು ದಿನ ಬಿಡಿ. ಕೆಳಗೆ ಹೋಗಿ ನೀವೇ ಕಣ್ಣಾರೆ ನೋಡಿ.

ಹೆಂಗಸರ ಟಾಯ್ಲೆಟ್‌ಗೆ ಇಷ್ಟಿರಲಿ

ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ, ಒಳಗೇ ಲೈಟಿನ ಸ್ವಿಚ್, ಬ್ಯಾಗ್ ನೇತುಹಾಕಲು ಕೊಕ್ಕೆ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬ, ಕೈ ತೊಳೆಯಲು ಬೇಸಿನ್. ಬಾಗಿಲು ನೇರ ಅಂಗಡಿಯ ಕೌಂಟರಿಗೆ ಕಾಣುವಂತಿರಬಾರದು. ಮುಜುಗರಕ್ಕೇ ಎಷ್ಟೋ ಹುಡುಗಿಯರು ಹೋಗದೆ ತಡೆದುಕೊಳ್ತಾರೆ.

ಕರಾರು ಪತ್ರದಲ್ಲಿ ಬರೆಸಿ

ಕಟ್ಟಿದರೆ ಮುಗೀಲಿಲ್ಲ. ಆರು ತಿಂಗಳಲ್ಲಿ ಹೆಂಗಸರ ಟಾಯ್ಲೆಟ್ ರಟ್ಟಿನ ಡಬ್ಬ ತುಂಬುವ ಕೋಣೆಯಾಗಿಬಿಡಬಹುದು. ಆದ್ದರಿಂದ:

* ಟಾಯ್ಲೆಟ್ ಅನ್ನು ಬೇರೆ ಕೆಲಸಕ್ಕೆ ಬಳಸಬಾರದು, ಕೆಲಸದ ಹೊತ್ತಲ್ಲಿ ಬೀಗ ಹಾಕಬಾರದು.
* ತೊಳೆಯೋರು ಯಾರು, ಅವರ ಸಂಬಳದಲ್ಲಿ ಯಾರ ಪಾಲು ಎಷ್ಟು?
* ಹೆಚ್ಚುವರಿ ಟಾಯ್ಲೆಟ್ ಬೇಕಾದರೆ ನೀವು ಬಿಟ್ಟ ಪೈಪಿಗೇ ಸೇರಿಸಬೇಕು, ಸ್ಲ್ಯಾಬ್ ಕೊರೆಯಬಾರದು.
* ಪ್ರತಿ ಬಾಡಿಗೆದಾರರಿಗೂ ಪ್ರತ್ಯೇಕ ನೀರಿನ ಸಬ್‌ಮೀಟರ್.

ಜಾಗ ಖಾಲಿ ಇರುವಾಗ ಒಂದು ಕಿವಿಮಾತು. ಬಳಸದ ನಹಾನಿ ಟ್ರ್ಯಾಪಿನಲ್ಲಿ ನೀರು ಒಣಗಿ, ಚರಂಡಿ ವಾಸನೆ ಮೇಲೆ ಬರುತ್ತೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ. ಜಾಗ ನೋಡೋಕೆ ಬಂದವರು ಮೂಗು ಮುಚ್ಚಿಕೊಂಡು ಹೋಗಬಾರದಲ್ಲ!

ಪ್ಲಾನಿಗೆ ಸಹಿ ಬೀಳುವ ಮುಂಚೆ ಈ ಪುಟ ಹಿಡಿದುಕೊಂಡು ನಿಮ್ಮ ಆರ್ಕಿಟೆಕ್ಟ್ ಹತ್ತಿರ ಕೂತ್ಕೊಳ್ಳಿ. ಪಾಲಿಕೆ ಮತ್ತು ಜಲಮಂಡಳಿಯ ನಿಯಮಕ್ಕೆ ಹೊಂದುತ್ತಾ ಅಂತ ಅವರಿಂದಲೇ ಬರೆಸಿಕೊಳ್ಳಿ. ‘ಇದೆಲ್ಲ ನಿಮಗ್ಯಾಕಮ್ಮಾ?’ ಅಂತ ಯಾರಾದರೂ ಅಂದರೆ, ‘ಅಲ್ಲಿ ಕೆಲಸಕ್ಕೆ ಬರೋದು ನಮ್ಮಂಥವರ ಮನೆ ಹೆಣ್ಣುಮಕ್ಕಳೇ’ ಅನ್ನಿ.