ಹಳೆಯ ಸೈಕಲ್ ಮತ್ತು ದೇಹಾರೋಗ್ಯ

ವಯಸ್ಸಾದ ಯಂತ್ರವೂ ವಯಸ್ಸಾದ ದೇಹವೂ ಒಂದೇ ಬಗೆಯ ಆರೈಕೆಯನ್ನು ಬೇಡುತ್ತವೆ: ಮೊದಲು ಪರೀಕ್ಷೆ, ಅನಂತರ ದುರಸ್ತಿ, ಆಮೇಲೆ ಮಿತವಾದ ದುಡಿಮೆ. ಈ ಕ್ರಮವನ್ನು ಮನಗಾಣಿಸುವ ಒಂದು ಉತ್ಸವ ಇಟಲಿಯಲ್ಲಿ ನಡೆಯುತ್ತದೆ.

ಟಸ್ಕನಿ ಪ್ರಾಂತದ ಗಯೋಲೆ ಎಂಬ ಸಣ್ಣ ಊರಿನ ಸುತ್ತ ದ್ರಾಕ್ಷಿ ತೋಟಗಳ ನಡುವೆ ಹಾಯುವ ಜಲ್ಲಿಯ ರಸ್ತೆಗಳಿಗೆ 'ಬಿಳಿಯ ಹಾದಿ'ಗಳೆಂದು ಹೆಸರು. ಡಾಂಬರಿನಡಿ ಮರೆಯಾಗುತ್ತಿದ್ದ ಈ ಹಾದಿಗಳನ್ನು ಉಳಿಸುವ ಹಂಬಲದಿಂದ ಜಾನ್‌ಕಾರ್ಲೊ ಬ್ರೊಚ್ಚಿ ಎಂಬುವರು 1997ರಲ್ಲಿ 'ಲೆರೋಯಿಕಾ' ಸೈಕಲ್ ಯಾತ್ರೆಯನ್ನು ಆರಂಭಿಸಿದರು. ಮೊದಲ ವರ್ಷ ಪಾಲ್ಗೊಂಡವರು 92 ಮಂದಿ; ಕಾಲಕ್ರಮದಲ್ಲಿ ಆ ಸಂಖ್ಯೆ ಸಾವಿರಗಳಿಗೆ ಏರಿತು. ಇದು ಪಂದ್ಯವಲ್ಲ. ಆದರೆ ಸೈಕಲ್ ಸಾಮಾನ್ಯವಾಗಿ 1987ಕ್ಕೆ ಹಿಂದಿನದಾಗಿರಬೇಕು; ಗೇರಿನ ಸನ್ನೆ ಫ್ರೇಮಿನ ಕೊಳವೆಯ ಮೇಲಿರಬೇಕು; ಬ್ರೇಕಿನ ತಂತಿ ಹ್ಯಾಂಡಲಿನ ಹೊರಗೆ ಕಾಣುವಂತಿರಬೇಕು.

ಇಂತಹ ಸೈಕಲನ್ನು ಸಿದ್ಧಗೊಳಿಸುವುದೆಂದರೆ ಬಣ್ಣ ಬಳಿದು ಹೊಳಪಿಸುವುದಷ್ಟೇ ಅಲ್ಲ. ಫೋರ್ಕು ಹಾಗೂ ಫ್ರೇಮಿನ ಬೆಸುಗೆಗಳಲ್ಲಿ ಬಿರುಕುಂಟೇ ಎಂದು ಮೊದಲು ನೋಡಬೇಕು. ಬಿರುಕಿದ್ದರೆ ಸವಾರಿ ಸಲ್ಲದು. ಬೇರಿಂಗುಗಳನ್ನು ಬಿಚ್ಚಿ ಹಳೆಯ ಗ್ರೀಸು ತೊಳೆದು, ಸವೆದ ಗುಂಡುಗಳನ್ನು ಬದಲಿಸಬೇಕು. ಟೈರು, ಬ್ರೇಕಿನ ತಂತಿ ಮತ್ತು ರಬ್ಬರುಗಳು ನೋಟಕ್ಕೆ ಚೆನ್ನಾಗಿದ್ದರೂ ಹಳೆಯವಾಗಿದ್ದರೆ ನಂಬಬಾರದು. ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮುಗಳ ಮೇಲೆ ಮಳೆಯಲ್ಲಿ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಆಗ ವೇಗವನ್ನು ತಗ್ಗಿಸುವುದೇ ಜಾಣತನ.

ಇನ್ನು ಸವಾರನ ದೇಹ. ಸೈಕಲಿನಲ್ಲಿ ಮೈಭಾರವನ್ನು ಬಹುಮಟ್ಟಿಗೆ ಸೀಟು ಹೊರುವುದರಿಂದ ಓಟಕ್ಕಿಂತ ಮಂಡಿಗೆ ಹೊಡೆತ ಕಡಿಮೆ. ಆದರೆ ಸ್ಪರ್ಧೆಗೆಂದು ಮಾಡಿದ ಅನೇಕ ಹಳೆಯ ಸೈಕಲುಗಳಲ್ಲಿ ಮುಂದಿನ ಸಣ್ಣ ಹಲ್ಲುಚಕ್ರಕ್ಕೇ 42 ಹಲ್ಲುಗಳು. ಏರಿನಲ್ಲಿ ಅದನ್ನು ತುಳಿಯಲು ಬಲ ಹೆಚ್ಚು ಬೇಕು. ಮಂಡಿಗೂ ಎದೆಗೂ ಆಯಾಸ. ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಹಾಕಿಸಿಕೊಂಡರೆ ಈ ಭಾರ ಇಳಿಯುತ್ತದೆ. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿರಲಿ. ಮುಂಗಾಲಿನಿಂದ ತುಳಿಯುವಾಗ ಮಂಡಿ ಆಗ ತುಸುವೇ ಬಾಗಿರುತ್ತದೆ.

ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ಮಹಾನಗರದ ಕನ್ನಡಿಗರು ನಡುವಯಸ್ಸಿನಲ್ಲಿ ಸೈಕಲನ್ನೇರಲು ಬಯಸಿದರೆ ಅದು ಶುಭವೇ. ಮಧುಮೇಹ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರ ಸಲಹೆ ಪಡೆಯಲಿ. ಮಾತನಾಡುತ್ತ ತುಳಿಯಬಲ್ಲಷ್ಟು ವೇಗದಲ್ಲಿ ಆರಂಭಿಸಿ, ವಾರದಿಂದ ವಾರಕ್ಕೆ ದೂರವನ್ನು ಹೆಚ್ಚಿಸಲಿ. ಸವಾರಿಯ ನಡುವೆ ಎದೆ ನೊಂದರೆ, ತಲೆ ಸುತ್ತಿದರೆ, ಕೂಡಲೇ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು. ಏರು ಕಡಿದಾದರೆ ಇಳಿದು ಸೈಕಲನ್ನು ತಳ್ಳಿಕೊಂಡು ನಡೆಯಲು ನಾಚಬೇಕಿಲ್ಲ. ಹಳೆಯ ಸೈಕಲು ಕಲಿಸುವ ಮೊದಲ ಪಾಠವೇ ನಿಧಾನ.