ಚೆಂಡು ಒಬ್ಬನ ಕೈಯಲ್ಲಿ, ಜೊತೆಗಾರ ಎಂಥವನಿರಬೇಕು?

ಹಳೇಬೀಡು, ಬೇಲೂರು, ಅರಸೀಕೆರೆ ಕಡೆಯ ಓದುಗರಿಗೆ ವಾಲಿಬಾಲ್ ಆಟವನ್ನು ವಿವರಿಸಬೇಕಾಗಿಲ್ಲ. ಒಬ್ಬ ಚೆಂಡನ್ನು ಎತ್ತಿಕೊಡುತ್ತಾನೆ, ಇನ್ನೊಬ್ಬ ಹಾರಿ ಹೊಡೆಯುತ್ತಾನೆ. ಎತ್ತಿಕೊಡುವವನು ಲಿಫ್ಟರ್. ಚಪ್ಪಾಳೆಯೆಲ್ಲ ಹೊಡೆದವನಿಗೇ ಸಿಕ್ಕರೂ ಲಿಫ್ಟರ್ ಇಲ್ಲದೆ ತಂಡ ಕಟ್ಟುವ ಯೋಚನೆ ಯಾರಿಗೂ ಬರುವುದಿಲ್ಲ. ಬಲೆಯ ಬಳಿ ತಡೆಯುವುದನ್ನು ಬಿಟ್ಟರೆ ಒಬ್ಬನೇ ಸತತವಾಗಿ ಎರಡು ಬಾರಿ ಚೆಂಡು ಮುಟ್ಟುವಂತಿಲ್ಲ. ನಿಯಮವೇ ಜೊತೆಗಾರನನ್ನು ಕಡ್ಡಾಯ ಮಾಡಿದೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಂಥ ಕಟ್ಟಳೆ ಇಲ್ಲ. ಒಬ್ಬನೇ ಚೆಂಡು ಪುಟಿಸುತ್ತ ಅಂಕಣದ ಆ ತುದಿಗೆ ಹೋಗಿ ತಾನೇ ಬುಟ್ಟಿಗೆ ಹಾಕಬಹುದು. ಅಲ್ಲಿಯ ಲಿಫ್ಟರ್ ಎನ್ನಬಹುದಾದವನು ಪಾಯಿಂಟ್ ಗಾರ್ಡ್. ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವುದು ಅವನ ಕೆಲಸ. ಆದರೆ ತಂಡದಲ್ಲಿ ಸದಾ ಚೆಂಡನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಆಡುವ ಪ್ರತಿಭಾವಂತ ಗಾರ್ಡ್ ಒಬ್ಬನಿದ್ದರೆ? ಅವನ ಪಕ್ಕದಲ್ಲಿ ಇನ್ನೊಬ್ಬ ಪಾಯಿಂಟ್ ಗಾರ್ಡ್ ಬೇಕೇ?

ಆಟ ಹುಟ್ಟಿದಾಗ ಈ ಪ್ರಶ್ನೆಗೆ ಆಸ್ಪದವೇ ಇರಲಿಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳ ಪ್ರಕಾರ ಚೆಂಡು ಹಿಡಿದವನು ಓಡುವಂತಿರಲಿಲ್ಲ, ನಿಂತಲ್ಲಿಂದಲೇ ಎಸೆಯಬೇಕಿತ್ತು. ಚೆಂಡು ಪುಟಿಸುತ್ತ ಸಾಗುವ ರೂಢಿ ಬಂದದ್ದು ಆಮೇಲೆ. ಅದು ಬಂದ ಮೇಲೆಯೇ ಒಬ್ಬ ಆಟಗಾರ ಇಡೀ ಆಟವನ್ನು ಹೊರಬಲ್ಲವನಾದ.

ಈ ಆಟ ನಮಗೆ ಹೊಸದೇನಲ್ಲ. ವೈಎಂಸಿಎ ಮೂಲಕವೇ ಅದು ಭಾರತಕ್ಕೂ ಬಂತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಎಚ್.ಸಿ. ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದರು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು.

ಮೊದಲ ಪ್ರಶ್ನೆಗೆ ಮರಳೋಣ. ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಎನ್‌ಬಿಎ ಲೀಗ್‌ನ ಮೂರು ನಿದರ್ಶನಗಳನ್ನು ನೋಡಬಹುದು.

ಮೊದಲನೆಯದು, ಜೊತೆಗಾರ ಬೇಕು ಎನ್ನುವವರ ನಿದರ್ಶನ. ಫಿಲಡೆಲ್ಫಿಯಾದ ಅಲೆನ್ ಐವರ್ಸನ್ ಕೇವಲ ಆರು ಅಡಿಯ ಆಟಗಾರ. ಕೋಚ್ ಲ್ಯಾರಿ ಬ್ರೌನ್ ಅವರನ್ನು ಪಾಯಿಂಟ್ ಗಾರ್ಡ್ ಹೊಣೆಯಿಂದ ಬಿಡಿಸಿ, ಅಂಕ ಗಳಿಸುವ ಕೆಲಸಕ್ಕೆ ಹಚ್ಚಿದರು. ತಂಡ ನಡೆಸುವ ಕೆಲಸ ಎರಿಕ್ ಸ್ನೋ ಪಾಲಿಗೆ ಬಂತು. ಎದುರಾಳಿಯ ಎತ್ತರದ ಗಾರ್ಡ್‌ನನ್ನು ತಡೆಯುವ ಕಷ್ಟವನ್ನೂ ಸ್ನೋ ಹೊತ್ತರು. 2000-01ರಲ್ಲಿ ಐವರ್ಸನ್ ಪಂದ್ಯಕ್ಕೆ ಸರಾಸರಿ 31.1 ಅಂಕ ಗಳಿಸಿ ಲೀಗ್‌ನ ಶ್ರೇಷ್ಠ ಆಟಗಾರರೆನಿಸಿದರು. ತಂಡ ಫೈನಲ್ ತಲುಪಿತು. ಅಲ್ಲಿ ಮೊದಲ ಪಂದ್ಯದಲ್ಲಿ 48 ಅಂಕ ಗಳಿಸಿ ಗೆಲ್ಲಿಸಿದರೂ, ಮುಂದಿನ ನಾಲ್ಕನ್ನೂ ಲಾಸ್ ಏಂಜಲೀಸ್ ಲೇಕರ್ಸ್ ಗೆದ್ದುಕೊಂಡಿತು.

ಎರಡನೆಯದು ಇದಕ್ಕೆ ವಿರುದ್ಧ. 1989ರಲ್ಲಿ ಶಿಕಾಗೊ ಬುಲ್ಸ್ ತಂಡ ಕೆಲಕಾಲ ಮೈಕೆಲ್ ಜೋರ್ಡಾನ್ ಅವರನ್ನೇ ಪಾಯಿಂಟ್ ಗಾರ್ಡ್ ಮಾಡಿ ನೋಡಿತು. ಅವರ ಅಂಕಿಅಂಶಗಳು ಬೆರಗು ಹುಟ್ಟಿಸಿದವು, ಆದರೆ ಆ ವರ್ಷ ತಂಡ ಡೆಟ್ರಾಯಿಟ್‌ಗೆ ಸೋತಿತು. ನಂತರ ಬಂದ ಕೋಚ್ ಫಿಲ್ ಜಾಕ್ಸನ್, ಟೆಕ್ಸ್ ವಿಂಟರ್ ರೂಪಿಸಿದ 'ಟ್ರಯಾಂಗಲ್' ಪದ್ಧತಿ ತಂದರು. ಅದರಲ್ಲಿ ಚೆಂಡು ಒಬ್ಬನ ಬಳಿ ನಿಲ್ಲದೆ ಎಲ್ಲರ ನಡುವೆ ಸುತ್ತಬೇಕು. ಆಟ ಕಟ್ಟುವ ಕೆಲಸವನ್ನು ಫಾರ್ವರ್ಡ್ ಆಗಿದ್ದ ಸ್ಕಾಟಿ ಪಿಪ್ಪೆನ್ ಹಂಚಿಕೊಂಡರು. ಜೋರ್ಡಾನ್ ಪಕ್ಕದ ಗಾರ್ಡ್‌ನಿಂದ ತಂಡ ಬಯಸಿದ್ದು ಮುಖ್ಯವಾಗಿ ಒಂದನ್ನೇ: ಬಿಡುವು ಸಿಕ್ಕಾಗ ದೂರದಿಂದ ಗುರಿ ತಪ್ಪದಂತೆ ಎಸೆಯುವುದು. 1993ರ ಫೈನಲ್‌ನ ನಿರ್ಣಾಯಕ ಎಸೆತ ಜಾನ್ ಪ್ಯಾಕ್ಸನ್ ಅವರದು. 1997ರದ್ದು ಸ್ಟೀವ್ ಕೆರ್ ಅವರದು. ಸಾಂಪ್ರದಾಯಿಕ ಪಾಯಿಂಟ್ ಗಾರ್ಡ್ ಇಲ್ಲದೆಯೇ ಶಿಕಾಗೊ ಆರು ಬಾರಿ ಚಾಂಪಿಯನ್ ಆಯಿತು.

ಇದಕ್ಕೆ ಕಾರಣ ಸರಳ. ದೂರದಿಂದ ಎಸೆಯಲು ಬಾರದ ಜೊತೆಗಾರನನ್ನು ಎದುರಾಳಿಗಳು ಹಾಗೆಯೇ ಬಿಟ್ಟು, ಇಬ್ಬರೂ ಸೇರಿ ತಾರೆಯ ಮೇಲೆ ಬೀಳುತ್ತಾರೆ. ಆಗ ಸಹಾಯಕ್ಕೆ ಇಟ್ಟುಕೊಂಡವನೇ ಹೊರೆಯಾಗುತ್ತಾನೆ.

ಮೂರನೆಯದು ಹೂಸ್ಟನ್ ತಂಡದ್ದು. 2016-17ರಲ್ಲಿ ಜೇಮ್ಸ್ ಹಾರ್ಡನ್ ಒಬ್ಬರೇ ಆಟ ಕಟ್ಟುತ್ತ, ಪಂದ್ಯಕ್ಕೆ ಸರಾಸರಿ 29.1 ಅಂಕ ಗಳಿಸಿ, 11.2 ಅಸಿಸ್ಟ್ ನೀಡಿ, ಅಸಿಸ್ಟ್‌ಗಳಲ್ಲಿ ಲೀಗ್‌ಗೇ ಮೊದಲಿಗರಾದರು. ಅಂಥವರ ಪಕ್ಕಕ್ಕೆ 2017ರಲ್ಲಿ ಕ್ರಿಸ್ ಪಾಲ್ ಎಂಬ ಪಳಗಿದ ಪಾಯಿಂಟ್ ಗಾರ್ಡ್ ಬಂದಾಗ, ಇರುವ ಒಂದು ಚೆಂಡು ಇಬ್ಬರಿಗೆ ಸಾಕೇ ಎಂದು ಅನುಮಾನಿಸಿದವರಿದ್ದರು. ಆ ಋತುವಿನಲ್ಲಿ ತಂಡ 82ರಲ್ಲಿ 65 ಪಂದ್ಯ ಗೆದ್ದಿತು. ಗೋಲ್ಡನ್ ಸ್ಟೇಟ್ ವಿರುದ್ಧ ಏಳು ಪಂದ್ಯಗಳ ಹಣಾಹಣಿಯಲ್ಲಿ 3-2ರಿಂದ ಮುಂದಿದ್ದಾಗ ಪಾಲ್ ಗಾಯಗೊಂಡು ಹೊರಗುಳಿದರು. ಉಳಿದೆರಡರಲ್ಲೂ ಹೂಸ್ಟನ್ ಸೋತಿತು. ಕೊನೆಯ ಪಂದ್ಯದಲ್ಲಿ ಮೂರಂಕದ ಎಸೆತಗಳು ಸತತ 27 ಬಾರಿ ಗುರಿ ತಪ್ಪಿದವು.

ಪಾಲ್ ಅಲ್ಲಿ ಹಾರ್ಡನ್‌ಗೆ ಚೆಂಡು ಒಪ್ಪಿಸುವ ಸೇವಕರಾಗಿರಲಿಲ್ಲ. ಹಾರ್ಡನ್ ಬೆಂಚಿನಲ್ಲಿದ್ದಾಗ ತಂಡವನ್ನು ತಾವೇ ನಡೆಸುತ್ತಿದ್ದರು. ಇಬ್ಬರೂ ಅಂಕಣದಲ್ಲಿದ್ದಾಗ ದೂರದ ಎಸೆತಕ್ಕೆ ಸಿದ್ಧರಿರುತ್ತಿದ್ದರು. ಹಳೇಬೀಡಿನ ದೇವಾಲಯ ಕಂಡವರಿಗೆ ಇದು ಬೇಗ ಅರ್ಥವಾದೀತು. ಹೊಯ್ಸಳೇಶ್ವರ, ಶಾಂತಲೇಶ್ವರ ಗುಡಿಗಳು ಅಕ್ಕಪಕ್ಕದಲ್ಲಿವೆ. ಎರಡಕ್ಕೂ ತಮ್ಮದೇ ಗರ್ಭಗುಡಿ, ಎದುರಿಗೆ ತಮ್ಮದೇ ನಂದಿ. ಒಂದು ಇನ್ನೊಂದರ ಪರಿವಾರ ಗುಡಿಯಲ್ಲ.

ಹಾಗಾದರೆ ಉತ್ತರವೇನು? ಬೇಕಾದದ್ದು ಪಾಯಿಂಟ್ ಗಾರ್ಡ್ ಎಂಬ ಹೆಸರಿನವನಲ್ಲ, ಆ ಕೆಲಸಗಳನ್ನು ಹಂಚಿಕೊಳ್ಳುವವರು. ಚೆಂಡು ತರುವುದು, ಆಟ ಕಟ್ಟುವುದು, ಎದುರಾಳಿಯ ಗಾರ್ಡ್‌ನನ್ನು ತಡೆಯುವುದು, ಬಿಡುವಾದಾಗ ಎಸೆಯುವುದು, ಈ ನಾಲ್ಕರಲ್ಲಿ ತಾರೆಯಿಂದ ಆಗದ್ದನ್ನು, ಅವನು ದಣಿದಾಗ ಆಗಬೇಕಾದ್ದನ್ನು ಬೇರೆಯವರು ಮಾಡಬೇಕು. ಅದು ಸ್ನೋ ಅವರಂತೆ ಗಾರ್ಡ್ ಆಗಿರಬಹುದು, ಪಿಪ್ಪೆನ್ ಅವರಂತೆ ಫಾರ್ವರ್ಡ್ ಕೂಡ ಆಗಿರಬಹುದು.

ನಮ್ಮ ತಾಲ್ಲೂಕು ಮಟ್ಟದ ಶಾಲಾ ತಂಡಗಳಿಗೂ ಈ ಮಾತು ಸಲ್ಲುತ್ತದೆ. ಚೆನ್ನಾಗಿ ಆಡುವ ಒಬ್ಬನಿಗೇ ಚೆಂಡು ಕೊಟ್ಟು ಗೆಲ್ಲುವುದು ಸುಲಭ. ಉಳಿದ ನಾಲ್ವರು ಅಂಕಣದೊಳಗೇ ಪ್ರೇಕ್ಷಕರಾಗುತ್ತಾರೆ. ಆ ಹುಡುಗ ಕಾಲು ಉಳುಕಿಸಿಕೊಂಡ ದಿನ, ಇಲ್ಲವೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ವರ್ಷ, ತಂಡದಲ್ಲಿ ಚೆಂಡು ಪುಟಿಸಲು ಬಲ್ಲವರೇ ಇರುವುದಿಲ್ಲ. ಆದ್ದರಿಂದ ದೈಹಿಕ ಶಿಕ್ಷಕರು ಅಭ್ಯಾಸದಲ್ಲಿ ವಾರಕ್ಕೊಂದು ದಿನವಾದರೂ ಆ ಹುಡುಗನನ್ನು ಹೊರಗೆ ಕೂರಿಸಿ ಉಳಿದವರನ್ನು ಆಡಿಸಿ ನೋಡುವುದು ಒಳ್ಳೆಯದು. ಎರಡನೆಯವನು ಯಾರೆಂಬುದು ಅಲ್ಲಿ ಗೊತ್ತಾಗುತ್ತದೆ.